ಅಕ್ಕಿಕಾಳು ಹಾಕಿದವರ ಪಾಡು

ಕಂಪನಿ ನಾಟಕದ ಸಾಹುಕಾರನನ್ನು ರಾಯಚೂರು ಸೀಮೆಯವರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. ಸಿಂಧನೂರಿನಲ್ಲಿ ಭತ್ತದ ರೇಟು ಕೇಳಿ ಬರುತ್ತೇನೆಂದು ಹೆಂಡತಿಗೆ ಹೇಳಿ, ಅಂಟುಮೀಸೆ ಹಚ್ಚಿಕೊಂಡು ಲಿಂಗಸುಗೂರಿನ ಎರಡನೇ ಮನೆಯ ಕದ ಬಡಿಯುತ್ತಾನೆ. ಒಳಗೆ ಮುಖದ ಮೇಲೆ ಸೆರಗು ಎಳೆದು ಕೂತವಳು ಕಟ್ಟಿಕೊಂಡವಳೇ! ಟೆಂಟು ಕಿತ್ತುಹೋಗುವಂತೆ ಸಿಳ್ಳೆ. ಈಗ ಆ ಟೆಂಟಿಗೆ ಜನ ಬರುವುದಿಲ್ಲವಂತೆ. ಯಾಕೆ ಬರಬೇಕು? ಅದೇ ಆಟವನ್ನು ಮಸ್ಕಿಯಲ್ಲಿ ಟಿಕೆಟ್ಟಿಲ್ಲದೆ ಆಡಿ ತೋರಿಸಿದ್ದಾಗಿದೆ. ಅಲ್ಲಿ ಟಿಕೆಟ್ಟು ಬೇಕಾದದ್ದು ಪಾತ್ರಧಾರಿಗಳಿಗೆ ಮಾತ್ರ.

2018ರ ಮೇ, ವಿಧಾನಸಭಾ ಚುನಾವಣೆ. ಪ್ರತಾಪಗೌಡ ಪಾಟೀಲರು ಕಾಂಗ್ರೆಸ್ ಮನೆಯ ಅಳಿಯ, ಬಸನಗೌಡ ತುರ್ವಿಹಾಳರು ಬಿಜೆಪಿ ಮನೆಯ ಅಳಿಯ. ಮಸ್ಕಿಯವರು ಅಕ್ಕಿಕಾಳು ಹಾಕಿದರು. ಪಾಟೀಲರು 213 ಮತಗಳಿಂದ ಗೆದ್ದರು. ಬೀಗರೂಟದ ಒಂದು ಪಂಕ್ತಿಗೆ ಇದಕ್ಕಿಂತ ಹೆಚ್ಚು ಎಲೆ ಹಾಕುತ್ತಾರೆ. ಫಲಿತಾಂಶ ಬಂದು ವಾರವಾಗಿಲ್ಲ, ಮೇ 19ರಂದು ಯಡಿಯೂರಪ್ಪನವರು ವಿಶ್ವಾಸಮತ ಯಾಚಿಸಬೇಕಾದ ದಿನ, ಮದುಮಗನೇ ಕಾಣೆ! ಬೆಳಗಿನಿಂದ ಹುಡುಕಾಟ. ಆಮೇಲೆ ವಿಧಾನಸೌಧದಲ್ಲಿ ಪ್ರತ್ಯಕ್ಷರಾದಾಗ ಸ್ವಪಕ್ಷದವರು ಎದುರುಗೊಂಡು ಒಳಗೆ ಕರೆದೊಯ್ದರು. ಎಲ್ಲಿದ್ದಿರಿ ಎಂದು ಕೇಳುವ ಒರಟುತನವನ್ನು ಒಳ್ಳೆ ಮನೆತನದವರು ಮಾಡುವುದಿಲ್ಲ.

2019ರ ಜುಲೈಯಲ್ಲಿ ರಾಜೀನಾಮೆ, ಮುಂಬೈ ಹೋಟೆಲ್ಲು, ಕಾಂಗ್ರೆಸ್ ಮೈತ್ರಿ ಸರ್ಕಾರ ಪತನ, ಸ್ಪೀಕರ್ ರಮೇಶ್ ಕುಮಾರರಿಂದ ಅನರ್ಹತೆ. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆ ಸರಿ ಎಂದಿತು, ಆದರೆ ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲ ಎಂದಿತು. ಮನೆ ಬಿಟ್ಟದ್ದು ತಪ್ಪು, ಬಾಸಿಂಗ ಕಟ್ಟಿಕೊಳ್ಳಲು ತೊಂದರೆಯಿಲ್ಲ ಎಂದು ಪಾಮರರು ಅರ್ಥ ಮಾಡಿಕೊಂಡೆವು.

2021ರ ಏಪ್ರಿಲ್ 17ರ ಉಪಚುನಾವಣೆಗೆ ಪಾಟೀಲರು ಕಮಲ ಹಿಡಿದು ಬಂದರೆ, ತುರ್ವಿಹಾಳರು ಕೈ ಎತ್ತಿಕೊಂಡು ಬಂದರು. ಅದೇ ಇಬ್ಬರು ಗಂಡುಗಳು, ಅದೇ ಇಬ್ಬರು ಹೆಣ್ಣುಗಳು, ಜೋಡಿ ಮಾತ್ರ ಅದಲುಬದಲು. ಮೂರು ವರ್ಷದ ಹಿಂದೆ ಪಾಟೀಲರನ್ನು ಬೈದ ಕಾರ್ಯಕರ್ತ ಈಗ ಅವರ ಕೊರಳಿಗೆ ಹಾರ ಹಾಕಬೇಕು, ಹಾರ ಹಾಕಿದವನು ಬೈಯಬೇಕು. ಹಳೆ ಬೈಗುಳಗಳನ್ನೇ ಹೆಸರು ತಿದ್ದಿ ಬಳಸಬಹುದಿತ್ತು, ಅಷ್ಟು ಅನುಕೂಲ.

ಆದರೆ ವೇಷ ಮರೆಸಿಕೊಳ್ಳಲು ಮಸ್ಕಿಯಂಥ ಊರನ್ನೇ ಆರಿಸಿಕೊಳ್ಳಬಾರದಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿ, ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಸಿಂಹಳದ ರಾಜನಿರಬೇಕು ಎಂದು ಮೊದಲು ತಪ್ಪು ತಿಳಿದಿದ್ದ. ಅವನು ಅಶೋಕನೇ ಎಂದು ಪಂಡಿತರು ಊಹಿಸಿಕೊಂಡರೂ ಕಲ್ಲಿನ ಸಾಕ್ಷಿ ಸಿಕ್ಕಿದ್ದು 1915ರಲ್ಲಿ, ಮಸ್ಕಿಯಲ್ಲಿ. ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಬೀಡನ್‌ನ ಕಣ್ಣಿಗೆ ಬಿದ್ದ ಬಂಡೆ ಚಕ್ರವರ್ತಿಯ ಹೆಸರನ್ನೇ ಹೇಳಿತು. ಬಿರುದಿನ ಹಿಂದಿದ್ದ ಅಸಾಮಿಯನ್ನು ಪತ್ತೆಹಚ್ಚಿದ ಊರಿಗೆ ಶಾಲಿನ ಹಿಂದಿರುವ ಮುಖ ತಿಳಿಯದೇ? ತುರ್ವಿಹಾಳರು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ಮತದಾರರು ಪಕ್ಷದ್ರೋಹಕ್ಕೆ ಪಾಠ ಕಲಿಸಿದರೆಂದು ಪತ್ರಿಕೆಗಳು ಹೊಗಳಿದವು. ಸುಳ್ಳು. ಇದೇ ಪಾಟೀಲರು 2008ರಲ್ಲಿ ಗೆದ್ದದ್ದು ಬಿಜೆಪಿಯಿಂದ, 2013ರಲ್ಲಿ ಕಾಂಗ್ರೆಸ್ಸಿನಿಂದ; ಆಗ ಯಾರೂ ತಕರಾರು ತೆಗೆಯಲಿಲ್ಲ. ನೆರೆಯ ಲಿಂಗಸುಗೂರಿನಲ್ಲಿ ಮಾನಪ್ಪ ವಜ್ಜಲ್ 2008ರಲ್ಲಿ ಬಿಜೆಪಿ, 2013ರಲ್ಲಿ ಜೆಡಿಎಸ್, 2023ರಲ್ಲಿ ಮರಳಿ ಬಿಜೆಪಿಯಿಂದ ಶಾಸಕರಾದರು. ಇನ್ನು ತುರ್ವಿಹಾಳರೂ ಮನೆ ಬಿಟ್ಟು ಬಂದವರೇ. ಬಿಡುವಾಗ ಶಾಸಕರಾಗಿರಲಿಲ್ಲ, ಅಷ್ಟೇ. ನಮ್ಮವರಿಗೆ ಗಂಡಿನ ಶೀಲದ ಬಗ್ಗೆ ಅಂಥ ಮಡಿವಂತಿಕೆಯೇನಿಲ್ಲ. ಹಾಕಿದ ಅಕ್ಕಿಕಾಳು ಒಣಗುವ ಮೊದಲೇ ಇನ್ನೊಮ್ಮೆ ಚಪ್ಪರ ಹಾಕಿಸಿದರಲ್ಲ, ಸಿಟ್ಟು ಅದಕ್ಕೆ. ಅತ್ತ ಪಾಮನಕಲ್ಲೂರಿನಲ್ಲಿ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಧರಣಿ ಕೂತಿದ್ದರು. ಹೊಲಕ್ಕೆ ನೀರಿಲ್ಲದವರನ್ನು ಮತ್ತೆ ಆರತಿ ಬೆಳಗಲು ಕರೆದರೆ ತಟ್ಟೆಯನ್ನೇ ಬೀಸಿ ಒಗೆಯುತ್ತಾರೆ.

2023ರಲ್ಲಿ ಅದೇ ಇಬ್ಬರು ಅದೇ ಮನೆಗಳಿಂದ ಮತ್ತೆ ಎದುರಾದರು, ತುರ್ವಿಹಾಳರೇ ಗೆದ್ದರು. ಈ ಸಲವಾದರೂ ಸಂಸಾರ ಬದಲಾಗಿರಲಿಲ್ಲ ಎಂಬುದು ಸಮಾಧಾನ.

ಪಕ್ಷಾಂತರ ನಿಷೇಧ ಕಾಯ್ದೆ 1985ರಿಂದಲೂ ಇದೆ. ಅದಕ್ಕೊಂದು ಸಾಲು ಸೇರಿಸಿ: ನಡುವೆ ರಾಜೀನಾಮೆ ಕೊಟ್ಟು ಅದೇ ಕ್ಷೇತ್ರಕ್ಕೆ ಮತ್ತೆ ನಿಲ್ಲುವವರಿಂದ ಉಪಚುನಾವಣೆಯ ಪೂರ್ತಿ ಖರ್ಚನ್ನು ಠೇವಣಿಯಾಗಿ ಮೊದಲೇ ಕಟ್ಟಿಸಿಕೊಳ್ಳಿ. ಎರಡನೇ ಮದುವೆಯ ಖರ್ಚು ಗಂಡಿನ ಕಡೆಯವರದೇ ಇರಲಿ.