ಮೂರೂವರೆ ಅಗಲದ ಜಗಳಗಂಟ

ಆರ್, ಓ, ಡಬ್ಲ್ಯು. ಕಾವೇರಿ ರೌ, ಬಾರ್ಡರ್ ರೌ, ಹಿಜಾಬ್ ರೌ. ಇಂಗ್ಲಿಷ್ ಪತ್ರಿಕೆಗಳಲ್ಲಿ ಇವರ ಮುಖ ಕಾಣದ ಬೆಳಗು ಅಪರೂಪ. ರಾತ್ರಿ ಪಾಳಿಯ ಡೆಸ್ಕಿನಲ್ಲಿ, ಆರಿದ ಚಹಾದ ಲೋಟದ ಪಕ್ಕ ಮಾತಿಗೆ ಸಿಕ್ಕರು.

ನಾನು: ನಮಸ್ಕಾರ, ರೋ ಅವರೇ...

ರೌ: ರೋ ಅಲ್ಲ ಸ್ವಾಮೀ, ರೌ! 'ಕೌ' ಅಂತೀರಲ್ಲ, ಹಾಗೆ. ರೋ ಅಂದರೆ ಸಾಲು. ನೋಡೋಕೆ ನನ್ನ ಹಾಗೇ ಇದ್ದಾನೆ. ರೇಷನ್ ಅಂಗಡಿ ಮುಂದೆ ನೆಟ್ಟಗೆ ನಿಲ್ಲೋನು ಅವನು, ತಳ್ಳಾಟ ಶುರುವಾದರೆ ನಾನು.

ನಾನು: ಯಾವೂರು ತಮ್ಮದು?

ರೌ: ಹುಟ್ಟಿದ್ದು ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ, ಬೀದಿಮಾತಾಗಿ. ತಂದೆತಾಯಿ ಯಾರಂತ ನಿಘಂಟಿನವರಿಗೂ ಪತ್ತೆಯಾಗಿಲ್ಲ. ಕುಲ ಕೆದಕಬೇಡಿ.

ನಾನು: ಡಿಸ್ಪ್ಯೂಟ್, ಕಾಂಟ್ರವರ್ಸಿ ಅಂತ ಮರ್ಯಾದಸ್ಥರಿದ್ದರೂ ನಿಮಗೇ ಯಾಕೆ ಬುಲಾವ್?

ರೌ: ಅವರ ಗಾತ್ರ ನೋಡಿ! ಅಚ್ಚಿನ ಮೊಳೆ ಜೋಡಿಸುವ ಕಾಲದ ಹೆಡ್ಡಿಂಗ್ ಲೆಕ್ಕ ಹೇಳ್ತೀನಿ. ಸಾಮಾನ್ಯ ಸಣ್ಣಕ್ಷರಕ್ಕೆ ಒಂದು. ಐ, ಎಲ್, ಟಿ ಥರದ ಬಡಕಲುಗಳಿಗೆ ಅರ್ಧ. ಎಂ, ಡಬ್ಲ್ಯು ಥರದ ಡೊಳ್ಳುಹೊಟ್ಟೆಗಳಿಗೆ ಒಂದೂವರೆ. ನಾನು ಮೂರೂವರೆ. ಡಿಸ್ಪ್ಯೂಟ್ ಆರು. ಕಾಂಟ್ರವರ್ಸಿ ಹತ್ತೂವರೆ! ಒಂದು ಕಾಲಂನಲ್ಲಿ ಅವನನ್ನು ಕೂರಿಸಿದರೆ ಕಾವೇರಿಗೆ ಜಾಗವೆಲ್ಲಿ?

ನಾನು: 1892ರಲ್ಲಿ, 1924ರಲ್ಲಿ ಮೈಸೂರು–ಮದ್ರಾಸು ಒಪ್ಪಂದ, 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಐತೀರ್ಪು. 2018ರಲ್ಲಿ ಸುಪ್ರೀಂ ಕೋರ್ಟು ನಮ್ಮ ಪಾಲಿಗೆ 14.75 ಟಿಎಂಸಿ ಅಡಿ ಸೇರಿಸಿ 284.75 ಮಾಡಿತು. ಇಷ್ಟೂ ನಿಮ್ಮ ಮೂರೂವರೆಯೊಳಗೆ?

ರೌ: ಆರಾಮಾಗಿ ಹಿಡಿಸುತ್ತೆ. ಸಿನಿಮಾ ಪೋಸ್ಟರಿನ ಗಲಾಟೆಯೂ ಅಷ್ಟರಲ್ಲೇ ಹಿಡಿಸುತ್ತೆ. ಮಂಡ್ಯದ ಒಣಗಿದ ಗದ್ದೆಗೊಂದು ಅಳತೆ, ನಟಿಯ ಸೀರೆಗೊಂದು ಅಳತೆ ಅಂತ ನಾನು ಇಟ್ಟುಕೊಂಡಿಲ್ಲ.

ನಾನು: 2022ರಲ್ಲಿ ಹಿಜಾಬ್ ತೊಟ್ಟು ಕಾಲೇಜು ಗೇಟಿನ ಹೊರಗೆ ನಿಂತ ಹುಡುಗಿಯರಿಗೂ ಅದೇ ಅಳತೆಯೇ?

ರೌ: ಅದೇ. ಇನ್ನೊಂದು ಅನುಕೂಲ ಕೇಳಿ. ನಾನಿದ್ದ ಕಡೆ ಕರ್ತೃಪದ ಬೇಡ. 'ರೌ ಎದ್ದಿತು' ಅಂದರೆ ಮುಗೀತು. ಎಬ್ಬಿಸಿದ್ದು ಯಾರು, ಗೇಟು ಹಾಕಿದ್ದು ಯಾರು? ಹಾಲು ಉಕ್ಕಿದ ಹಾಗೆ, ತಾನಾಗೇ ಎದ್ದಿತು. ವಕೀಲರ ನೋಟಿಸಿನ ಭಯವೂ ಇಲ್ಲ.

(ಡೆಸ್ಕಿನಲ್ಲಿದ್ದಾಗ ಇದೇ ಧೈರ್ಯದ ಮೇಲೆ ನಾನೂ ಇವರನ್ನು ಎಷ್ಟೋ ಸಲ ಕರೆಸಿಕೊಂಡವನೇ. ಮಾತು ಬದಲಿಸಿದೆ.)

ನಾನು: ಕನ್ನಡದಲ್ಲಿ ನಿಮ್ಮ ನೆಂಟರು?

ರೌ: ಕ್ಯಾತೆ ಇದಾಳಲ್ಲ! ಆದರೆ ನನ್ನ ಹಾಗೆ ತಾನಾಗೇ ಏಳೋಕೆ ಅವಳಿಗೆ ಬರಲ್ಲ. ಕ್ಯಾತೆಯನ್ನ ಯಾರಾದರೂ ತೆಗೀಲೇಬೇಕು. ಅದಕ್ಕೇ 'ತಮಿಳುನಾಡು ಕ್ಯಾತೆ', ಬೆಳಗಾವಿಯ ಸುದ್ದಿ ಬಂದರೆ 'ಮತ್ತೆ ಮಹಾ ಕ್ಯಾತೆ'. ಅದು ಸರಿ, ನೀವು ಯಾವತ್ತಾದರೂ 'ಕರ್ನಾಟಕ ಕ್ಯಾತೆ' ಅಂತ ಹಾಕಿದ್ದುಂಟಾ?

ನಾನು: ಚಹಾ ಇನ್ನೊಂದು ಹೇಳಲೇ?

ಅಷ್ಟರಲ್ಲಿ ಪುಟ ಕಟ್ಟುವ ಹುಡುಗ ಕೂಗಿದ. ರೌ ಅವರು ಅಂಗಿ ಕೊಡವಿ ಎದ್ದರು.

ನಾನು: ಏನಂತೆ ಸುದ್ದಿ?

ರೌ: ಸುದ್ದಿ ಇನ್ನೂ ಬಂದಿಲ್ಲ. ಹೆಡ್ಡಿಂಗಿನಲ್ಲಿ ಮೂರೂವರೆ ಜಾಗ ಉಳಿದಿದೆಯಂತೆ.