ಹಲ್ಲೆಣಿಸುವ ರಾಯರು

ಭಾನುವಾರ ಬೆಳಿಗ್ಗೆ ಆರೂವರೆಗೆ ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನ ಮುಂದೆ ನಿಂತರೆ, ಇಡ್ಲಿಯ ಹಬೆ ಯಾವುದು, ಸೈಲೆನ್ಸರಿನ ಹೊಗೆ ಯಾವುದು ಎಂದು ಹೇಳುವುದು ಕಷ್ಟ. ಬೆಂಗಳೂರಿನಿಂದ ಹೊರಟ ಬೈಕುಗಳೆಲ್ಲ ಅಲ್ಲಿ ಸಾಲಾಗಿ ನಿಂತಿರುತ್ತವೆ. ಆ ಸಾಲಿನ ನಡುವೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಬ್ಬರು ಓಡಾಡುತ್ತಿರುತ್ತಾರೆ. ನಂದಿ ಬೆಟ್ಟದ ದಾರಿಯ ಟೀ ಅಂಗಡಿಯಲ್ಲೂ ಒಬ್ಬರಿರುತ್ತಾರೆ, ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಳ್ಳುವ ಕಡೆಯೂ ಒಬ್ಬರಿರುತ್ತಾರೆ. ನಮ್ಮ ಬೀದಿಯ ಪಾಲಿಗೆ ಬಂದವರು ರಾಯರು.

ರಾಯರು ನಿವೃತ್ತ ಬ್ಯಾಂಕ್ ನೌಕರರು. ಬರುವುದು ಸ್ಕೂಟರಿನಲ್ಲಿ. ಗೇರಿಲ್ಲದ್ದು, ಆರ್‌ಸಿ ಹೆಂಡತಿಯ ಹೆಸರಿನಲ್ಲಿರುವುದು. ಹಿಂದಿನ ಸೀಟು ನನ್ನದು. ಅವರು ಬೈಕಿಗಾಗಿ ಬರುತ್ತಾರೆ, ನಾನು ಇಡ್ಲಿಗಾಗಿ. ಸ್ಕೂಟರನ್ನು ಎಳನೀರಿನ ಗಾಡಿಯ ಮರೆಗೆ ನಿಲ್ಲಿಸಿ, ಹೆಲ್ಮೆಟ್ಟನ್ನು ಮೊಳಕೈಗೆ ಸಿಕ್ಕಿಸಿಕೊಂಡು ಅವರು ಸಾಲಿನತ್ತ ನಡೆದರೆಂದರೆ, ಆ ಹೆಲ್ಮೆಟ್ಟಿಗೆ ತಕ್ಕ ಬೈಕು ಇಲ್ಲೇ ಎಲ್ಲೋ ಇರಬೇಕೆಂದು ಹುಡುಗರು ಭಾವಿಸುತ್ತಾರೆ. ಭಾವಿಸಲಿ ಎಂದೇ ಹೆಲ್ಮೆಟ್ಟು.

2023ರ ಆಗಸ್ಟಿನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕುಗಳನ್ನು ಬಿಡುವುದಿಲ್ಲ. 650 ಸಿಸಿಯ ಸರದಾರನೂ ಸರ್ವೀಸ್ ರಸ್ತೆಯಲ್ಲಿ ಹಾಲಿನ ವ್ಯಾನಿನ ಹಿಂದೆಯೇ ಬರಬೇಕು. ರಾಯರಿಗೆ ಇದರಿಂದ ಒಳಗೊಳಗೇ ಸಂತೋಷ. "ನೋಡಿ, ಸಮಾನತೆ ಅಂತ ಒಂದು ಬಂದಿದ್ರೆ ಅದು ಈ ಸರ್ವೀಸ್ ರೋಡಿಗೇ ಬಂದಿರೋದು."

ಅವರು ಬೈಕು ನೋಡುವ ಕ್ರಮವೇ ಬೇರೆ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಹಳೇ ರೈತರು ಎತ್ತಿನ ಸುತ್ತ ಬರುತ್ತಾರಲ್ಲ, ಹಾಗೆ. ಮೊದಲು ದೂರದಿಂದ ನಿಲುವು. ಆಮೇಲೆ ಬಲದಿಂದ ಪ್ರದಕ್ಷಿಣೆ. ಬಗ್ಗಿ ಹೊಟ್ಟೆಯ ಕೆಳಗೆ ಆಯಿಲ್ ತೊಟ್ಟಿಕ್ಕಿದೆಯೇ ಎಂದು ನೋಡುವುದು. ಹೆಬ್ಬೆರಳಿನಿಂದ ಚೈನು ಒತ್ತಿ ಸಡಿಲ ಅಳೆಯುವುದು. ಕೊನೆಗೆ ಮಾಲೀಕನಿಗೆ ಒಂದು ಪ್ರಶ್ನೆ: "ಹಿಂದಿನ ಸ್ಪ್ರಾಕೆಟ್ಟಿಗೆ ಎಷ್ಟು ಹಲ್ಲಪ್ಪ?" ಹುಡುಗನಿಗೆ ತನ್ನ ಬೈಕಿನ ಇಎಂಐ ಇನ್ನೆಷ್ಟು ಕಂತು ಎಂಬುದು ಗೊತ್ತು, ಹಲ್ಲು ಗೊತ್ತಿಲ್ಲ. ರಾಯರು ಮೊಣಕಾಲೂರಿ ತಾವೇ ಎಣಿಸಲು ಕೂರುತ್ತಾರೆ.

ಹೊಗಳಿಕೆ ಎಲ್ಲರಿಗೂ ಉಂಟು, ಆದರೆ ಹೊಗಳಿಕೆಯೊಳಗೊಂದು ಮುಳ್ಳೂ ಉಂಟು. ಬಿಎಂಡಬ್ಲ್ಯು 310 ತಂದವನಿಗೆ, "ಒಳ್ಳೇ ಗಾಡಿ. ಜರ್ಮನಿ ಅಂತ ದೂರ ಹೋಗೋದು ಬೇಡ, ತವರುಮನೆ ಹೊಸೂರು. ಟಿವಿಎಸ್‌ನೋರು ಹೆತ್ತ ಕೂಸು." ಹಳೇ ಬುಲೆಟ್ಟಿನ ಯಜಮಾನರಿಗೆ, "ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಇದನ್ನ ಓಡಿಸಿ ರೂಢಿಯಾದೋರು ಹೊಸ ಬೈಕ್ ಹತ್ತಿದ ದಿನ ಎದುರಿಗಿರೋರು ದೇವರನ್ನ ನೆನೀಬೇಕು." ಆರ್‌ಎಕ್ಸ್ 100 ಬಂದರೆ ಮಾತ್ರ ಟೀಕೆಯಿಲ್ಲ. 98 ಸಿಸಿಯಲ್ಲಿ ಅಷ್ಟು ಪೊಗರು ತುಂಬಿದವರಿಗೆ ನಿಂತಲ್ಲೇ ಕೈಮುಗಿಯುತ್ತಾರೆ. 1983ರ ರಾಜದೂತ್ 350 ಅಪರೂಪಕ್ಕೆ ಕಂಡರೆ, ಆರು ಗೇರುಗಳನ್ನೂ ಬಾಯಲ್ಲೇ ಬದಲಿಸುತ್ತ ಸದ್ದು ಮಾಡಿ ತೋರಿಸುತ್ತಾರೆ. ಪಕ್ಕದಲ್ಲಿ ನಿಂತವರು ಅಂಗಿ ಒರೆಸಿಕೊಳ್ಳುತ್ತಾರೆ.

ಅವರ ಕುಲದೇವರು ಮಾತ್ರ ಜಾವಾ. ಮೈಸೂರಿನ ಯಾದವಗಿರಿಯ ಕಾರ್ಖಾನೆ, ಅಲ್ಲಿಂದ ಜಾವಾ, 1973ರಿಂದ ಯೆಜ್ಡಿ, 1996ರಲ್ಲಿ ಬಾಗಿಲು. ಈ ಸ್ಥಳಪುರಾಣವನ್ನು ನಾನು ಇಡ್ಲಿಯ ಲೆಕ್ಕಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ. "ಒಂದೇ ಲಿವರ್ರು ಕಣ್ರೀ! ಒಳಗೆ ಒತ್ತಿ ಎತ್ತಿದ್ರೆ ಕಿಕ್ಕರ್, ಸ್ಟಾರ್ಟ್ ಆದ್ಮೇಲೆ ಅದೇ ಗೇರು. ಕೂಡುಕುಟುಂಬದ ಹಿರೀಸೊಸೆ ಹಾಗೆ, ಒಲೇನೂ ಅವಳದೇ, ತೊಟ್ಟಿಲೂ ಅವಳದೇ." 2018ರಲ್ಲಿ ಅದೇ ಹೆಸರಿನಲ್ಲಿ ಬಂದ ಹೊಸ ಜಾವಾ ಕಂಡರೆ ನಿಟ್ಟುಸಿರು: "ಮೊಮ್ಮಗನಿಗೆ ಅಜ್ಜನ ಹೆಸರಿಟ್ಟಿದಾರೆ. ಕರೆದ್ರೆ ಓಗೊಡುತ್ತೆ, ಅಜ್ಜನ ಥರ ಕೆಮ್ಮೋದಕ್ಕೆ ಬರಲ್ಲ."

ರಾಯರ ಜಾವಾ ಮಗಳ ಕಾಲೇಜು ಫೀಸಿನ ವರ್ಷ ಮಾರಾಟವಾಯಿತು. ಫಾರೆವರ್ ಬೈಕ್ ಎಂದು ಕಂಪನಿ ಜಾಹೀರಾತು ಕೊಡುತ್ತಿತ್ತು. "ಬೈಕು ಫಾರೆವರೇ ಇತ್ತು, ನನ್ನ ಸಂಬಳ ಇರಲಿಲ್ಲ" ಎಂದು ಅದನ್ನೂ ನಗೆಯಾಗಿಸುತ್ತಾರೆ.

ಹೋದ ಭಾನುವಾರ ಒಂದು ಹಳೇ ಜಾವಾ ಬಂತು. ಮರೂನ್ ಬಣ್ಣ, ಟ್ಯಾಂಕಿನ ಪಕ್ಕೆಗೆ ಕ್ರೋಮು, ಎರಡು ಸೈಲೆನ್ಸರು. ಮಾಲೀಕ ಇಪ್ಪತ್ತೈದರ ಹುಡುಗ. ರಾಯರು ಪ್ರದಕ್ಷಿಣೆ ಹಾಕಲಿಲ್ಲ, ಚೈನು ಒತ್ತಲಿಲ್ಲ. ಸುಮ್ಮನೆ ನಿಂತರು. ಹುಡುಗನಿಗೆ ಏನನ್ನಿಸಿತೋ, ಕೀ ಚಾಚಿದ. "ಒಂದ್ ರೌಂಡ್ ಹೋಗ್ಬನ್ನಿ ಅಂಕಲ್."

ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುತ್ತಾರೆ. ಹಲ್ಲೆಣಿಕೆಯನ್ನೇ ವ್ರತವಾಗಿ ಹಿಡಿದ ರಾಯರ ಮುಂದೆ ಎಮ್ಮೆಯೇ ದಾನಕ್ಕೆ ನಿಂತಿತ್ತು. ಅವರು ಕೀ ನೋಡಿದರು, ರಸ್ತೆ ನೋಡಿದರು, ನನ್ನನ್ನೂ ನೋಡಿದರು. ಕೊನೆಗೆ ಟ್ಯಾಂಕಿನ ಮೇಲೆ ಅಂಗೈ ಇಟ್ಟು, "ಇಂಜಿನ್ ಕಾದಿದೆ ಮಗು. ಪಾಪ, ಸ್ವಲ್ಪ ಸುಧಾರಿಸ್ಕೊಳ್ಳಲಿ" ಎಂದರು. ಹುಡುಗ ಇಡ್ಲಿ ತಿಂದು, ಕಾಫಿ ಕುಡಿದು, ನೀಲಿ ಹೊಗೆ ಬಿಟ್ಟು ಹೊರಡುವವರೆಗೂ ರಾಯರ ಪ್ರಕಾರ ಆ ಇಂಜಿನ್ನು ಆರಲೇ ಇಲ್ಲ.

ವಾಪಸು ಬರುವಾಗ ಅವರು ಮಾತಾಡಲಿಲ್ಲ. ಕೆಂಗೇರಿಯ ಹತ್ತಿರ ಸಿಗ್ನಲ್ಲು ಬಿತ್ತು. ಹಸಿರಾದಾಗ ನಾನು ಸುಮ್ಮನೆ ಕೆಳಗೆ ನೋಡಿದೆ. ಗೇರಿಲ್ಲದ ಆ ಸ್ಕೂಟರಿನ ಕಾಲ್ಹಲಗೆಯ ಮೇಲೆ ರಾಯರ ಎಡಗಾಲು ಮೆಲ್ಲಗೆ ಒತ್ತಿತು. ಸ್ಕೂಟರು ವೇಗ ಹಿಡಿಯಿತು. ಬೆರಳುಗಳು ಚಪ್ಪಲಿಯಿಂದ ಎದ್ದು ಏನನ್ನೋ ಮೇಲಕ್ಕೆತ್ತಿದವು. ಇನ್ನಷ್ಟು ವೇಗ, ಇನ್ನೊಮ್ಮೆ ಎತ್ತಿದವು.

ಮನೆಯ ತಿರುವಿನಲ್ಲಿ ಅವರು ಸರಿಯಾಗಿ ಎರಡು ಗೇರು ಇಳಿಸಿದ್ದನ್ನು ನಾನು ಎಣಿಸಿದ್ದೇನೆ.