ಹಿತ್ತಲು: ಬಳಕೆದಾರರ ಕೈಪಿಡಿ

ಪಾಲಿಗೆ ಬಂದ ಮನೆಯ ಜೊತೆಗೆ ಹಿತ್ತಲನ್ನೂ ಪಡೆದ ತಮಗೆ ಅಭಿನಂದನೆಗಳು. ಒಡೆದ ಹೆಂಚು, ತಳ ಹೋದ ಬಕೆಟ್ಟು, ಹಳೆ ಟೈರು ಇಡಲು ತಾವು ಇಷ್ಟು ದಿನ ಬಳಸಿಕೊಂಡ ಜಾಗವೇ ಅದು. ತಯಾರಕರ ಉದ್ದೇಶ ಬೇರೆ ಇತ್ತು. ಇಂಟರ್‌ಲಾಕ್ ಹಾಸುವವರಿಗೆ ಮುಂಗಡ ಕೊಡುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಇದು ಮಲೆನಾಡು-ಕರಾವಳಿ ಮಾದರಿಗೆ ಬರೆದದ್ದು. ಬಯಲುಸೀಮೆಯ ಮಾದರಿಗೆ ಬೇರೆ ಸೂಚನೆ ಮುಂದಿದೆ.

ಬಿಡಿಭಾಗಗಳು

ಬಚ್ಚಲ ನೀರು ಹೊರಬೀಳುವ ತೂಬು. ಅದರ ಬಾಯಲ್ಲಿ ಕೆಸು, ಆಚೆಗೆ ಬಾಳೆ. ಅಡುಗೆಮನೆಯ ಹಿಂಬಾಗಿಲಿಗೆ ಕೈಗೆಟುಕುವಂತೆ ಬಸಳೆ ಚಪ್ಪರ, ದೊಡ್ಡಪತ್ರೆ. ಬಾವಿಕಟ್ಟೆಯ ಪಸೆಯಲ್ಲಿ ಒಂದೆಲಗ. ಬೇಲಿಗೆ ಚಕ್ರಮುನಿ, ಮೂಲೆಗೆ ನುಗ್ಗೆ, ಬಿಂಬುಳಿ, ಕಂಚಿ. ಮರದ ನೆರಳಲ್ಲಿ ಅರಿಶಿನ, ಸುವರ್ಣಗಡ್ಡೆ. ದೂರಕ್ಕೆ ಹಲಸು, ದೀವಿಹಲಸು. ನೋಡಿದರೆ ಎಲ್ಲ ಅಡ್ಡಾದಿಡ್ಡಿ. ಜೋಡಿಸುವಾಗ ಯಾರೋ ಎಡವಿದ್ದಾರೆಂದು ತಿಳಿದು ಸಾಲು ಮಾಡಲು ಹೋಗಬೇಡಿ. ನೀರು ಕುಡಿಯುವ ಗಿಡ ಬಚ್ಚಲ ಬಾಯಿಗೇ ಇರುವುದೂ, ದಿನಾ ಕೈಹಾಕುವ ಸೊಪ್ಪು ಬಾಗಿಲಿಗೇ ಇರುವುದೂ ಲೆಕ್ಕಾಚಾರದ ಕೆಲಸ. ಒಲೆಯ ಮೇಲೆ ಒಗ್ಗರಣೆ ಸೌಟು ಇಟ್ಟು ಓಡಿಬಂದು ಎರಡೆಲೆ ಕಿತ್ತುಕೊಂಡು ಹೋಗುವವರು ಮಾಡಿದ ನಕಾಶೆ ಇದು.

ಇಂಧನ

ವಿದ್ಯುತ್ ಬೇಡ. ಅಕ್ಕಿ ತೊಳೆದ ನೀರು, ಒಲೆಬೂದಿ, ಸೆಗಣಿ ಸಾಕು. ಬಚ್ಚಲಿಗೆ ಫಿನಾಯಿಲು, ಆಸಿಡ್ಡು ಸುರಿಯುವ ಮನೆಯವರು ಆ ನೀರನ್ನು ಬೇರೆ ದಾರಿಗೆ ತಿರುಗಿಸಿಕೊಳ್ಳಬೇಕು. ಕೆಸು ಏನನ್ನಾದರೂ ಸಹಿಸೀತು, ಆಸಿಡ್ಡನ್ನು ಸಹಿಸದು.

ಚಾಲನೆ

ಈ ಸಾಧನಕ್ಕೆ ಇರುವುದು ಒಂದೇ ಗುಂಡಿ: ಕೊಯ್ಯುವುದು. ಬಸಳೆಯ ಕುಡಿ ಮುರಿದರೆ ಪಕ್ಕದಿಂದ ಕವಲೊಡೆಯುತ್ತದೆ. ಮುರಿಯದೆ ಬಿಟ್ಟರೆ ಎಲೆ ಸಣ್ಣದಾಗಿ, ದಂಟು ನಾರಾಗಿ, ನೇರಳೆ ಹಣ್ಣು ಬಿಟ್ಟುಕೊಂಡು ಕೂರುತ್ತದೆ. ಚಕ್ರಮುನಿಯನ್ನು ಒಂದು ಮಳೆಗಾಲ ಕಡಿಯದಿದ್ದರೆ ಎಲೆಗೆ ಕೈ ಎಟುಕದಷ್ಟು ಎತ್ತರಕ್ಕೆ ಹೋಗುತ್ತದೆ. ಹಿತ್ತಲುಗಳು ಹಾಳಾದದ್ದು ಹೆಚ್ಚಾಗಿ ಹೀಗೆಯೇ. ಯಾರೂ ಕಡಿದು ಹಾಕಿದ್ದಲ್ಲ, ಯಾರೂ ಕೊಯ್ಯಲಿಲ್ಲ ಅಷ್ಟೆ. ವರ್ಷಕ್ಕೊಮ್ಮೆ ಊರಿಗೆ ಬಂದು, ಹೊರಡುವ ದಿನ ಬುಟ್ಟಿಗಟ್ಟಲೆ ಕೊಯ್ದು ಕಾರಿನ ಡಿಕ್ಕಿಗೆ ತುಂಬಿಕೊಳ್ಳುವುದನ್ನು ಬಳಕೆ ಎಂದು ಪರಿಗಣಿಸಲಾಗುವುದಿಲ್ಲ.

ಕೆಸು ಘಟಕ

ಹೊಸಬರು ಹೆದರುವುದು ಇದಕ್ಕೇ, ಆದ್ದರಿಂದ ತುಸು ವಿವರವಾಗಿ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಗಂಟಲು ತುರಿಸುವುದು ಅವುಗಳಿಂದ. ಇದು ತಯಾರಿಕೆಯ ದೋಷ ಅಲ್ಲ, ದನಕರು ಮೇಯದಿರಲೆಂದು ಗಿಡವೇ ಹಾಕಿಕೊಂಡ ಬೀಗ. ಬೀಗದ ಕೈ ಅಡುಗೆಮನೆಯಲ್ಲಿದೆ: ಹುಣಸೆಹುಳಿ ಮತ್ತು ಚೆನ್ನಾಗಿ ಬೇಯಿಸುವುದು.

ಪತ್ರೊಡೆಗೆ ಎಳೆಯ ಎಲೆಗಳನ್ನೇ ಕೊಯ್ಯಿರಿ. ಮೇಲ್ಮೈಯಲ್ಲಿ ಮಳೆಹನಿ ಅಂಟದೆ ಪಾದರಸದ ಹಾಗೆ ಉರುಳಾಡುತ್ತದೆ. ಹಿಟ್ಟೂ ಅಲ್ಲಿ ಹಿಡಿಯದು. ಅದಕ್ಕೇ ಎಲೆಯನ್ನು ಮಗುಚಿ, ಬೆನ್ನಿನ ದಪ್ಪ ನರವನ್ನು ಚೂರಿಯಿಂದ ಸಮನಾಗಿ ಹೆರೆದು, ಆ ಕಡೆಗೆ ಹಿಟ್ಟು ಸವರಬೇಕು. ನೆನೆಸಿದ ಅಕ್ಕಿ, ಒಣಮೆಣಸು, ಕೊತ್ತಂಬರಿ, ಹುಳಿ, ಬೆಲ್ಲ ತರಿತರಿಯಾಗಿ ರುಬ್ಬಿದ ಹಿಟ್ಟು. ಎಲೆ ಮೇಲೆ ಎಲೆ ಪೇರಿಸಿ, ಅಂಚು ಮಡಚಿ, ಬಿಗಿಯಾಗಿ ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಿ. ತಣಿದ ಮೇಲೆ ಬಿಲ್ಲೆ ಕತ್ತರಿಸಿದರೆ ಹಸಿರು-ಕೆಂಪು ಸುತ್ತುಗಳು ಒಂದರೊಳಗೊಂದು ಕಾಣಬೇಕು. ಮಳೆಗಾಲದಲ್ಲಿ ಮರದ ಮೇಲೆ ಬೆಳೆಯುವ ಮರಕೆಸು ಸಿಕ್ಕರೆ ಅದೃಷ್ಟ. ಆಟಿ ತಿಂಗಳ ಪತ್ರೊಡೆಗೆ ತುಳುನಾಡಿನವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ದಂಟನ್ನು ಎಸೆಯಬೇಡಿ. ಮಿಕ್ಕ ಎಲೆಯೊಂದಿಗೆ ಸೇರಿ ಅದು ಕರಕಲಿ ಎಂಬ ಅಡುಗೆ ಆಗುತ್ತದೆ.

ಎಚ್ಚರಿಕೆಗಳು

ಕಳಲೆಯನ್ನು, ಅಂದರೆ ಎಳೆಬಿದಿರನ್ನು, ಕಿತ್ತ ದಿನವೇ ಬಾಣಲೆಗೆ ಹಾಕಬೇಡಿ. ಅದರಲ್ಲಿ ಸೈನೈಡು ಬಿಡುವ ಅಂಶವಿದೆ. ತೆಳ್ಳಗೆ ಹೆಚ್ಚಿ ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಚೆಲ್ಲಿ ಬೇರೆ ಹಾಕುವ ಪದ್ಧತಿ ಸುಮ್ಮನೆ ಬಂದದ್ದಲ್ಲ. ಗಣಿಕೆಯ ಹಸಿರು ಕಾಯಿ ತಿನ್ನಬಾರದು, ಚಿಗುರು ಮತ್ತು ಹಣ್ಣು ಮಾತ್ರ.

ಚಕ್ರಮುನಿಗೆ ವಿಟಮಿನ್ ಸೊಪ್ಪು ಎಂಬ ಅಡ್ಡಹೆಸರು ಬಿದ್ದ ಮೇಲೆ ಅದರ ಹಸಿ ರಸ ಕುಡಿಯಿರಿ ಎನ್ನುವ ಸಲಹೆಗಾರರು ಹುಟ್ಟಿಕೊಂಡಿದ್ದಾರೆ. 1990ರ ದಶಕದ ನಡುವಿನಲ್ಲಿ ತೈವಾನಿನಲ್ಲಿ ಮೈ ಇಳಿಸಲು ಹೀಗೇ ಕುಡಿದವರಲ್ಲಿ ಅನೇಕರ ಶ್ವಾಸಕೋಶವೇ ಕೆಟ್ಟುಹೋಯಿತು. ನಾಲ್ಕು ಎಲೆ ತಂಬುಳಿಗೆ, ಒಂದು ಹಿಡಿ ಪಲ್ಯಕ್ಕೆ, ಅಷ್ಟಕ್ಕೆ ನಿಲ್ಲಿಸಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಈ ಒಂದು ಸಂದರ್ಭದಲ್ಲಿ ಅಕ್ಷರಶಃ ಪಾಲಿಸಬಹುದು.

ಬಯಲುಸೀಮೆ ಮಾದರಿ

ಈ ಮಾದರಿಯಲ್ಲಿ ಹಿತ್ತಲು ಮನೆಯ ಹಿಂದಿರುವುದಿಲ್ಲ, ರಾಗಿ ಹೊಲದೊಳಗೇ ಹರಡಿಕೊಂಡಿರುತ್ತದೆ. ಅಕ್ಕಡಿ ಸಾಲಿನ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತಿದ್ದು. ಅಣ್ಣೆಸೊಪ್ಪು, ಗೋಣಿಸೊಪ್ಪು, ಹೊನಗೊನ್ನೆ ತಾವಾಗಿ ಬಂದದ್ದು. ಕಳೆ ಕೀಳಲು ಹೋದ ಹೆಂಗಸರು ಸಂಜೆ ಮಡಿಲು ತುಂಬ ಬೆರಕೆ ಸೊಪ್ಪು ತರುತ್ತಾರೆ, ರಾತ್ರಿ ಮಸ್ಸೊಪ್ಪೋ ಬಸ್ಸಾರೋ ಆಗುತ್ತದೆ. ಕೂಲಿಯೂ ಸಾರೂ ಒಂದೇ ಕೆಲಸದಲ್ಲಿ. ಕಳೆನಾಶಕ ಸಿಂಪಡಿಸಿದರೆ ಈ ಮಾದರಿ ಆ ದಿನವೇ ಕೆಲಸ ನಿಲ್ಲಿಸುತ್ತದೆ. ಸಿಂಪಡಿಸಿದ ಖರ್ಚಿನ ಲೆಕ್ಕದಲ್ಲಿ, ಸಂತೆಯಲ್ಲಿ ಕೊಂಡ ಸೊಪ್ಪಿನ ದುಡ್ಡನ್ನು ಯಾರೂ ಬರೆಯುವುದಿಲ್ಲ.

ದೋಷ ಮತ್ತು ಪರಿಹಾರ

ದೂರು: ಹಿತ್ತಲ ತುಂಬ ಬರೀ ಕಳೆ. ಕಾರಣ: ನೋಡುತ್ತಿರುವವರು ತಾವು. ಅದೇ ಜಾಗಕ್ಕೆ ಎಂಬತ್ತು ದಾಟಿದ ಒಬ್ಬರನ್ನು ಕರೆತನ್ನಿ. ನಿಂತಲ್ಲೇ ಬಗ್ಗಿ ಒಂದು ಹೊತ್ತಿನ ಸಾರಿಗಾಗುವಷ್ಟು ಚಿವುಟಿ ಕೊಡುತ್ತಾರೆ. ಕಾಂಗ್ರೆಸ್ ಗಿಡವನ್ನು ಮಾತ್ರ ಬೇರುಸಹಿತ ಕಿತ್ತುಹಾಕಿ, ಅದರಲ್ಲಿ ರಾಜಿಯಿಲ್ಲ.

ದೂರು: ಪುಷ್ಟಿಗೆ ಕಿನೋವಾ ತಿನ್ನಿ ಅನ್ನುತ್ತಾರೆ, ತುಟ್ಟಿ. ಪರಿಹಾರ: ಕಿನೋವಾ ನಮ್ಮ ಹರಿವೆಯ ಕುಟುಂಬದ್ದೇ. ಆಂಡೀಸ್ ಬೆಟ್ಟದವರು ಬಿಡದೆ ಬೆಳೆದುಕೊಂಡು ಬಂದರು, ವಿಶ್ವಸಂಸ್ಥೆ 2013ನ್ನು ಅದರ ವರ್ಷ ಎಂದು ಸಾರಿತು. ಸಿರಿಧಾನ್ಯಕ್ಕೆ 2023 ಸಿಕ್ಕಿತು. ಹರಿವೆಯ ಸರದಿ ಬರಲಿ ಎಂದು ಕಾಯುವ ಅಗತ್ಯವಿಲ್ಲ. ಒಂದು ಗಿಡವನ್ನು ಕೊಯ್ಯದೆ ಬಿಟ್ಟು, ತೆನೆ ಒಣಗಿದ ಮೇಲೆ ಮೊರದ ಮೇಲೆ ತಿಕ್ಕಿ ಬೀಜ ತೆಗೆದಿಡಿ.

ದೂರು: ಹಲಸಿನ ಹಣ್ಣು ಬಿದ್ದು ಕೊಳೆತು ನೊಣ. ಇದಕ್ಕೆ ಪರಿಹಾರವನ್ನು ಪುತ್ತೂರಿನ ‘ಅಡಿಕೆ ಪತ್ರಿಕೆ’ ಎಷ್ಟೋ ವರ್ಷಗಳಿಂದ ಬರೆದೂ ಬರೆದೂ ಮುಗಿಸಿಲ್ಲ. ಗುಜ್ಜೆಯ, ಅಂದರೆ ಎಳೆ ಹಲಸಿನಕಾಯಿಯ, ಪಲ್ಯದಿಂದ ಶುರುಮಾಡಿ. ಹಣ್ಣಾಗುವವರೆಗೆ ಕಾದವರಿಗೇ ನೊಣದ ಕಾಟ.

ಗ್ರಾಹಕ ಸೇವೆ

ಅಧಿಕೃತ ಸೇವಾ ಕೇಂದ್ರ ಪಕ್ಕದ ಮನೆಯ ದೊಡ್ಡಮ್ಮ. ಅಳತೆ ಕೇಳಬೇಡಿ, ಹುಳಿ ಎಷ್ಟು ಎಂದರೆ ‘ಹಿಡಿಯುವಷ್ಟು ಹಾಕು ಮಾರಾಯ’ ಎಂದಷ್ಟೇ ಉತ್ತರ ಬರುತ್ತದೆ. ಆಕೆ ಕಾಯಿ ತುರಿಯುವಾಗ ಪಕ್ಕದಲ್ಲಿ ಕೂತು ನೋಡಿ ಬರೆದುಕೊಳ್ಳಿ. ಶಿರಸಿ ಕಡೆಯವರಿಗೆ ಇನ್ನೂ ಒಂದು ಅನುಕೂಲವಿದೆ: ವನಸ್ತ್ರೀ ಎಂಬ ಹೆಂಗಸರ ಬಳಗ ಹಿತ್ತಲ ಬೀಜಗಳನ್ನು ಉಳಿಸಿ, ಹಂಚಿಕೊಳ್ಳುವುದನ್ನೇ ಕೆಲಸ ಮಾಡಿಕೊಂಡಿದೆ.

ಬಿಡಿಭಾಗಗಳು ಅಂಗಡಿಯಲ್ಲಿ ಸಿಗುವುದು ಕಡಿಮೆ. ಮುಂಗಾರು ಹಿಡಿಯುವ ಮುಂಚೆ ಗೇಣುದ್ದದ ಬಸಳೆ ದಂಟು, ಕೆಸುವಿನ ಎರಡು ಗಡ್ಡೆ, ಬೇರು ಸಮೇತ ಒಂದೆಲಗದ ಬಳ್ಳಿ ಕೇಳಿ ತನ್ನಿ. ದುಡ್ಡು ಕೊಡಲು ಹೋದರೆ ಬೈಸಿಕೊಳ್ಳುತ್ತೀರಿ. ಮುಂದಿನ ವರ್ಷ ನಿಮ್ಮಲ್ಲಿ ಕೇಳಿದವರಿಗೆ ಕೊಡಿ. ಗಿಡ ಕೇಳುವಾಗಲೇ ಅದರ ಅಡುಗೆಯನ್ನೂ ಕೇಳಿಕೊಂಡು ಬನ್ನಿ, ಆ ದೊಡ್ಡಮ್ಮನಿಗೆ ಈಗಲೇ ಮರೆವು ಶುರುವಾಗಿದೆ.